ಮ್ಯಾಗ್ನೆಟ್ ಇಟ್ರೆ ಅದೆಲ್ಲಾ ಮರ್ತು ಹೋಗತ್ತಾ?

ಪುಣೆಯ ವಾನವಡಿ, ಘೋರ್ಪಡಿ ಕಡೆ ನಮ್ಮ ಕನ್ನಡದ ಮಾಜಿ ಸೈನಿಕರ ಮನೆಗಳು ಬೇಕಾದಷ್ಟಿವೆ. ಬೆಳಗಾವಿಯಿಂದಲೋ ಕೊಡಗಿನಿಂದಲೋ ಫೌಜಿಗೆ ಸೇರಿ, ಕೊನೇ ಪೋಸ್ಟಿಂಗ್ ಇಲ್ಲಾಗಿ, ಮಕ್ಕಳ ಕಾಲೇಜು ಅಂತ ಇಲ್ಲೇ ಉಳಿದವರು. ನಾನು ಟಿಎಂಎಸ್, ಅಂದ್ರೆ ತಲೆಗೆ ಕಾಂತದ ಮಿಡಿತ ಕೊಟ್ಟು ಚಿಕಿತ್ಸೆ ಮಾಡೋ ಮಷೀನ್ ನಡೆಸೋ ಕೆಲಸದಲ್ಲಿದೀನಿ ಅಂತ ಗೊತ್ತಾದಾಗಿಂದ, ಸಂಕ್ರಾಂತಿಗೆ ಎಳ್ಳು ಕೊಡೋಕೆ ಹೋದ್ರೂ ಆ ಮನೆ ಹೆಂಗಸರು ಅಡುಗೆಮನೆಗೆ ಕರ್ಕೊಂಡು ಹೋಗಿ ಮೆಲ್ಲಗೆ ಕೇಳ್ತಾರೆ, "ಆ ಮ್ಯಾಗ್ನೆಟ್ ತಲಿಗೆ ಇಟ್ರ ಇವರಿಗೆ ಅದೆಲ್ಲಾ ಮರ್ತು ಹೋಗ್ತದೇನ್ರೀ?"

ಅದೆಲ್ಲಾ ಅಂದ್ರೆ ಏನು ಅಂತ ಅವರು ಬಿಡಿಸಿ ಹೇಳಲ್ಲ, ನಾನೂ ಕೆದಕಲ್ಲ. ಗಣಪತಿಗೆ ಇನ್ನೂ ತಿಂಗಳಿರುವಾಗಲೇ ಇಲ್ಲಿ ಸಂಜೆ ಢೋಲ್-ತಾಶಾ ಪ್ರಾಕ್ಟೀಸ್ ಶುರುವಾಗತ್ತಲ್ಲ, ಆಗ ಕಿಟಕಿ ಎಲ್ಲಾ ಹಾಕ್ಕೊಂಡು ಒಳಗಿನ ರೂಮಲ್ಲಿ ಕೂರೋ ಗಂಡಸರಿದಾರೆ, ನಡುರಾತ್ರಿ ಬೆವತು ಎದ್ದು ಕೂತವರನ್ನ ಹೆಂಡತಿ ಹೆಗಲು ಮುಟ್ಟೋಕೂ ಹೆದರ್ತಾಳೆ. ಭಯಂಕರ ಆಘಾತ ಆದಮೇಲೆ ಉಳಿಯೋ ಈ ಕಾಯಿಲೆಗೆ ಪಿಟಿಎಸ್‌ಡಿ ಅನ್ನೋ ಹೆಸರು ಡಾಕ್ಟರ್‌ಗಳ ಪುಸ್ತಕಕ್ಕೆ ಬಂದಿದ್ದೇ 1980ರಲ್ಲಿ.

ನನ್ನ ಉತ್ತರ: ಮರೆಯಲ್ಲ ಅಕ್ಕ. ನೆನಪು ಇರತ್ತೆ. ನೆನಪು ಬಂದಾಗ ಮೈ ಇವತ್ತೇ ಗುಂಡು ಬೀಳ್ತಿರೋ ಹಾಗೆ ಅದುರತ್ತಲ್ಲ, ಅದನ್ನ ಕಮ್ಮಿ ಮಾಡೋ ಪ್ರಯತ್ನ ಇದು. ಇದು ಶಾಕ್ ಟ್ರೀಟ್ಮೆಂಟ್ ಕೂಡ ಅಲ್ಲ, ಪ್ರಜ್ಞೆ ತಪ್ಪಿಸಲ್ಲ, ಮನುಷ್ಯ ಎಚ್ಚರವಾಗೇ ಕುರ್ಚಿಯಲ್ಲಿ ಕೂತಿರ್ತಾನೆ. ತಂತಿ ಸುರುಳಿಯಲ್ಲಿ ಕರೆಂಟ್ ಫಟ್ ಅಂತ ಹರಿದು ಹುಟ್ಟೋ ಕಾಂತಕ್ಷೇತ್ರ ತಲೆಬುರುಡೆ ದಾಟಿ ಒಳಗೆ ಸಣ್ಣ ಕರೆಂಟ್ ಹುಟ್ಟಿಸತ್ತೆ, ಫ್ಯಾರಡೆ 1831ರಲ್ಲಿ ತೋರಿಸಿದ್ದ ತತ್ವವೇ, ಮನುಷ್ಯರ ಮಿದುಳಿನ ಮೇಲೆ ಈ ರೀತಿ ಮಾಡಿ ತೋರಿಸಿದ್ದು 1985ರಲ್ಲಿ ಶೆಫೀಲ್ಡಿನ ಬಾರ್ಕರ್ ತಂಡ. ಮಾಮೂಲಿ ಕಾಯಿಲ್, ಅಂದ್ರೆ ಆ ಸುರುಳಿ, ಮುಟ್ಟೋದು ಎರಡು ಮೂರು ಸೆಂಟಿಮೀಟರ್ ಆಳ ಅಷ್ಟೇ. ಭಯದ ಗಂಟೆ ಹೊಡೆಯೋ ಅಮಿಗ್ಡಲಾ ಇನ್ನೂ ಆಳದಲ್ಲಿದೆ, ಹಾಗಾಗಿ ಅದಕ್ಕೆ ಲಗಾಮು ಹಾಕೋ ಹಣೆಯ ಪಕ್ಕದ ಭಾಗಕ್ಕೆ, ಪಿಟಿಎಸ್‌ಡಿಯಲ್ಲಿ ಹೆಚ್ಚಾಗಿ ಬಲಗಡೆಗೆ, ಕೊಡ್ತಾರೆ.

ಆಮೇಲಿನ ಪ್ರಶ್ನೆ, ಕ್ಲಿನಿಕ್‌ನವರು ಪರ್ಸನಲೈಸ್ಡ್, ಅಂದ್ರೆ ಆ ವ್ಯಕ್ತಿಗೆ ಅಂತಲೇ ಹೊಂದಿಸಿದ್ದು ಅಂತಾರಲ್ಲ, ಅದು ಬೇರೆನಾ? ಇಲ್ಲಿ ಸ್ವಲ್ಪ ನಿಂತು ಕೇಳ್ಬೇಕು, ಯಾಕಂದ್ರೆ ಈ ಒಂದು ಮಾತಿನ ಮೇಲೆ ತುಂಬಾ ದುಡ್ಡು ಹೋಗತ್ತೆ. ಹೆಬ್ಬೆರಳು ಎಷ್ಟು ಪವರ್‌ಗೆ ಮಿಡಿಯತ್ತೆ ಅಂತ ನೋಡಿ ಡೋಸ್ ಇಡೋದು ಎಲ್ಲರಿಗೂ ಮಾಡೋದೇ, ಅದಕ್ಕೆ ಎಕ್ಸ್‌ಟ್ರಾ ಕೊಡ್ಬೇಕಿಲ್ಲ. ಎಂಆರ್‌ಐನಲ್ಲಿ ಆ ವ್ಯಕ್ತಿಯ ಮಿದುಳಿನ ಸಂಪರ್ಕ ನೋಡಿ ಜಾಗ ಹುಡುಕೋದು ನಿಜವಾದ ಪರ್ಸನಲ್. ಸ್ಟ್ಯಾನ್‌ಫರ್ಡಿನ ಸೈಂಟ್ ವಿಧಾನ ಅಂಥದ್ದು, ದಿನಕ್ಕೆ ಹತ್ತು ಸಲ, ಐದು ದಿನ, ಔಷಧ, ಉಪಕರಣಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2022ರಲ್ಲಿ ಒಪ್ಪಿಗೆ ಕೊಟ್ಟಿದೆ, ಆದರೆ ಡಿಪ್ರೆಶನ್‌ಗೆ, ಪಿಟಿಎಸ್‌ಡಿಗೆ ಅಲ್ಲ. ಇನ್ನು ಇಇಜಿಯಲ್ಲಿ ಮಿದುಳಿನ ವಿದ್ಯುತ್ ಅಲೆ ನೋಡಿ ನಿಮ್ಮ ಅಲೆಗೆ ತಕ್ಕಂತೆ ಸ್ಪೀಡ್ ಇಡ್ತೀವಿ ಅನ್ನೋದಕ್ಕೆ ಪುರಾವೆ ಇನ್ನೂ ತೆಳು. ಪ್ಯಾಂಫ್ಲೆಟ್‌ನಲ್ಲಿ ಮೂರಕ್ಕೂ ಒಂದೇ ಹೆಸರು.

ನನಗೆ ಭರವಸೆ ಕೊಟ್ಟಿದ್ದು 2018ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನ. ಯುದ್ಧ ನೋಡಿ ಬಂದ 103 ಜನಕ್ಕೆ ಮಾತಿನ ಥೆರಪಿ ಕೊಡೋ ಮುಂಚೆ ಪ್ರತಿ ಸಲ, ಕೆಲವರಿಗೆ ನಿಜವಾದ ಟಿಎಂಎಸ್, ಕೆಲವರಿಗೆ ಬರೀ ಶಬ್ದ ಮಾಡೋ ಸುಳ್ಳು ಟಿಎಂಎಸ್ ಕೊಟ್ರು, ನಿಜವಾದದ್ದು ಸಿಕ್ಕವರಿಗೆ ಹೆಚ್ಚು ಗುಣ, ಆರು ತಿಂಗಳಾದ್ರೂ ಉಳಿದಿತ್ತು. ಅದೇ ವರ್ಷ ಡಿಪ್ರೆಶನ್ ಇದ್ದ 164 ಮಾಜಿ ಸೈನಿಕರ ಇನ್ನೊಂದು ಅಧ್ಯಯನದಲ್ಲಿ ನಿಜ ಸುಳ್ಳು ಎರಡೂ ಗುಂಪಲ್ಲಿ ಹತ್ತಿರ ಹತ್ತಿರ ನೂರಕ್ಕೆ ನಲವತ್ತು ಜನ ಸುಧಾರಿಸಿದ್ರು. ದಿನಾ ಎದ್ದು ಬರೋದು, ಯಾರೋ ಹೆಸರು ಹಿಡಿದು ಮಾತಾಡಿಸೋದು, ಅದೂ ಕೆಲಸ ಮಾಡತ್ತೆ ಅಂತ ನಾನು ಓದ್ಕೊಂಡೆ. ಅದಕ್ಕೇ ಥೆರಪಿ ಬಿಟ್ಟು ಬರೀ ಮಷೀನ್‌ಗೆ ಬರ್ತೀವಿ ಅಂದ್ರೆ ನಾನು ಬೇಡ ಅಂತೀನಿ.

ಒಂದು ಮಾತು ಯಾರೂ ಮುಂಚೆ ಹೇಳಲ್ಲ. ಮಷೀನ್ ಟಕ್ ಟಕ್ ಅಂತ ಜೋರಾಗಿ ಬಡಿಯತ್ತೆ. ಮೊದಲನೇ ದಿನ ಒಬ್ಬರು ಕುರ್ಚಿಯಿಂದ ಎದ್ದು ನನ್ನ ಮಣಿಕಟ್ಟು ಹಿಡ್ಕೊಂಡ್ರು, ಬಿಡೋಕೆ ಎರಡು ನಿಮಿಷ ಬೇಕಾಯ್ತು. ಆವತ್ತಿಂದ ಮೊದಲು ಕಾಯಿಲ್ ಅವರ ಕೈಗೇ ಕೊಡ್ತೀನಿ, ಇಯರ್‌ಪ್ಲಗ್ ಹಾಕಿಸಿ ದೂರದಿಂದ ಶಬ್ದ ಕೇಳಿಸ್ತೀನಿ, ಅವರು ಹೂಂ ಅಂದ ಮೇಲೇ ತಲೆಗೆ. ತಲೆನೋವು ಬರಬಹುದು, ಫಿಟ್ಸ್ ತೀರಾ ಅಪರೂಪ. ಆದ್ರೆ ತಲೆಯಲ್ಲಿ ಲೋಹದ ಚೂರು ಉಳಿದಿದ್ರೆ ಮೊದಲೇ ಹೇಳ್ಬೇಕು, ಸಿಡಿತದಲ್ಲಿ ಗಾಯ ಆದವರಂತೂ ಸ್ಕ್ಯಾನ್ ತೋರಿಸದೆ ಕೂರಲೇಬಾರದು.

ಹಾಗಾಗಿ ಹೋದಲ್ಲಿ ಎರಡೇ ಕೇಳಿ, ನೀವು ಇವರಲ್ಲಿ ಏನನ್ನ ಅಳೆದು ಪರ್ಸನಲೈಸ್ಡ್ ಅಂತಿದೀರಿ, ಇದರ ಜೊತೆ ಇವರ ಹತ್ರ ಕೂತು ಮಾತಾಡೋರು ಯಾರು. ಅಷ್ಟು ದೂರ ಹೋಗೋಕೇ ಅವರು ಒಪ್ಪದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಸೇನೆಯವರಿಗೆ ಅಂತಲೇ 2023ರಲ್ಲಿ ನಮ್ಮ ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ ಅದರ ಒಂದು ವಿಭಾಗ ಶುರುವಾಗಿದೆ. ಮೊದಲ ಫೋನ್ ಹೆಂಡತೀನೇ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.