ಬೈಲ್‌ಶ್ಟೈನ್‌ಗೆ ಹೋಗುವವರು ವಾಪಸ್ ಬಸ್ಸನ್ನು ಮೊದಲೇ ನೋಡಿಕೊಳ್ಳಿ

ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲಿ, ಗುಡ್ಡಕ್ಕೆ ಅಂಟಿಕೊಂಡ ಹಾಗೆ ಇರುವ ಪುಟ್ಟ ಊರು ಬೈಲ್‌ಶ್ಟೈನ್. ಜನ ನೂರೈವತ್ತರ ಒಳಗೇ. ಅಲ್ಲಿಗೆ ರೈಲಿಲ್ಲ. ಕೊಬ್ಲೆಂಜ್–ಟ್ರಿಯರ್ ಮಾರ್ಗದ ರೈಲು ಹತ್ತಿ ಕೊಖೆಮ್‌ನಲ್ಲಿ ಇಳಿಯಬೇಕು. ಅಲ್ಲಿಂದ ಹತ್ತು ಹನ್ನೊಂದು ಕಿಲೋಮೀಟರ್, ಬಸ್ಸಿನಲ್ಲೋ ದೋಣಿಯಲ್ಲೋ.

ಹೋಗುವಾಗ ದೋಣಿಯೇ ಹಿಡಿಯಿರಿ. ಒಂದು ಗಂಟೆ ಬೇಕು, ಬಸ್ಸಿಗಿಂತ ದುಬಾರಿ, ಇರಲಿ. ದಾರಿಯಲ್ಲಿ ಫಾಂಕೆಲ್ ಅನ್ನುವಲ್ಲಿ ನದಿಗೆ ಅಡ್ಡ ಕಟ್ಟೆ ಇದೆ. ದೋಣಿ ಎರಡು ಗೇಟುಗಳ ಮಧ್ಯೆ ನಿಲ್ಲುತ್ತದೆ, ಒಳಗೆ ನೀರು ತುಂಬಿ ದೋಣಿ ಮೇಲೇರುತ್ತದೆ, ಪಕ್ಕದ ಪಾಚಿ ಹಿಡಿದ ಒದ್ದೆ ಗೋಡೆ ಮೆಲ್ಲಗೆ ಇಳಿಯುತ್ತಾ ಬರುತ್ತದೆ. ನಮ್ಮಮ್ಮ ಗೋಡೆಯೇ ಮುಳುಗ್ತಿದೆ ಅಂತ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು.

ಊರಲ್ಲಿ ಸಮತಟ್ಟು ಜಾಗ ಅಂತ ಹೆಚ್ಚೇನಿಲ್ಲ. ಮಾರುಕಟ್ಟೆ ಚೌಕವನ್ನೇ ಒಂದಷ್ಟು ಬಂಡೆ ಕಡಿದು ಮಾಡಿದ್ದಾರೆ. ಮಂಡಿನೋವಿನವರನ್ನು ಕರೆದುಕೊಂಡು ಹೋಗುವವರು ಒಂದು ತೀರ್ಮಾನ ಮಾಡಿಕೊಳ್ಳಬೇಕು: ಕೋಟೆಯೋ, ಚರ್ಚೋ. ನಾವು ಚರ್ಚ್ ಅಂದೆವು. ಯುರೋಪಿನಲ್ಲಿ 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷದ ಯುದ್ಧದ ಕಾಲದಲ್ಲಿ ಬಂದ, ಕಾರ್ಮೆಲೈಟ್ ಅನ್ನುವ ಕ್ಯಾಥೊಲಿಕ್ ಪಂಥದ ಸನ್ಯಾಸಿಗಳು ಕಟ್ಟಿಸಿದ್ದು, ಅದೇ ಯುದ್ಧದಲ್ಲಿ ಸ್ಪೇನಿನ ಸೈನಿಕರು ತಂದರು ಎನ್ನುವ ಕಪ್ಪು ಮೇರಿಯಮ್ಮ ಒಳಗಿದ್ದಾಳೆ. ಚರ್ಚಿಗೆ ಹತ್ತುವ ಮೆಟ್ಟಿಲು ಎಷ್ಟು ಗೊತ್ತಾ, 108! ಅಮ್ಮ ಎಣಿಸಿಕೊಂಡೇ ಹತ್ತಿದರು. ಮಧ್ಯೆ ಎರಡು ಸಲ ಕೂತರು. ಎಣಿಕೆ ಮಾತ್ರ ತಪ್ಪಲಿಲ್ಲ.

ಕೋಟೆಗೆ ನಾನೊಬ್ಬಳೇ ಹೋಗಿ ಬಂದೆ. 1689ರಲ್ಲಿ ಫ್ರೆಂಚ್ ಸೈನ್ಯ ಹಾಳುಗೆಡವಿದ ಮೇಲೆ ಯಾರೂ ಅದನ್ನು ಮತ್ತೆ ಕಟ್ಟಲಿಲ್ಲ. ಗೋಪುರ ನಿಂತಿದೆ, ಮೇಲಿಂದ ನದಿಯ ತಿರುವು ಪೂರ್ತಿ ಕಾಣುತ್ತದೆ. ಹೆಸರು ಮೆಟರ್ನಿಖ್ ಕೋಟೆ. ಶಾಲೆಯ ಇತಿಹಾಸದ ಪಾಠದಲ್ಲಿ ಬರುತ್ತಿದ್ದನಲ್ಲ, 1815ರ ವಿಯೆನ್ನಾ ಸಮ್ಮೇಳನದ ಮೆಟರ್ನಿಖ್, ಅವನ ಮನೆತನದ್ದೇ. ಇಷ್ಟು ಪುಟ್ಟ ಊರಿಗೆ 1309ರಲ್ಲೇ ಪಟ್ಟಣದ ಹಕ್ಕು ಸಿಕ್ಕಿತ್ತು ಅಂದ್ರೆ ನಂಬೋದು ಕಷ್ಟ. ಆ ಕಾಲದಲ್ಲೇ ಯಹೂದಿ ಕುಟುಂಬಗಳೂ ಬಂದು ನೆಲೆಸಿದ್ದವು. ಈಗ ಕೋಟೆಯಿಂದ ಇನ್ನೂ ಮೇಲೆ ಹೋದರೆ ಅವರ ಹಳೆಯ ಸ್ಮಶಾನ ಸಿಗುತ್ತದೆ. ಅಲ್ಲಿಯವರೆಗೆ ಬರುವವರು ಕಡಿಮೆ. ಕೆಳಗೆ ಐಸ್‌ಕ್ರೀಮಿಗೆ ಕ್ಯೂ ನಿಂತಿತ್ತು, ಮೇಲೆ ನಾನೊಬ್ಬಳೇ.

ಇನ್ನು ನಮ್ಮ ಫಜೀತಿ. ಭಾನುವಾರ ಸಂಜೆ ಐದೂವರೆಗೆ ಬಸ್ ಇದೆ ಅಂದುಕೊಂಡು ಕೊನೆಯ ದೋಣಿ ಬಿಟ್ಟೆವು. ವೇಳಾಪಟ್ಟಿಯಲ್ಲಿ ಆ ಬಸ್ಸಿನ ಪಕ್ಕ ಒಂದು ಚಿಕ್ಕ ಅಕ್ಷರ ಇತ್ತು, ಶಾಲೆ ಇರುವ ದಿನ ಮಾತ್ರ ಅಂತ ಅದರ ಅರ್ಥ. ಕಂಬದ ಕೆಳಗೆ ನಲವತ್ತು ನಿಮಿಷ ಸುಮ್ನೆ ನಿಂತೆವು. ಕೊನೆಗೆ ಒಂದು ವೈನ್ ಅಂಗಡಿಯವರು ಪಾಪ, ಟ್ಯಾಕ್ಸಿಗೆ ಫೋನ್ ಮಾಡಿಕೊಟ್ಟರು. ಅದು ಬರೋಕೆ ಇನ್ನೂ ಒಂದು ಗಂಟೆ ಅಂದರು.

ಆದರೆ ಆ ಒಂದು ಗಂಟೆಯೇ ಇಡೀ ದಿನದಲ್ಲಿ ಚೆನ್ನಾಗಿದ್ದದ್ದು. ದೋಣಿಗಳು ಹೊರಟ ಮೇಲೆ ಊರು ಖಾಲಿ. ದ್ರಾಕ್ಷಿ ತೋಟದ ಅಂಚಿಗೆ ಹೋಗಿ ಗಿಡದ ಬುಡ ನೋಡಿದರೆ ಅಲ್ಲಿ ಮಣ್ಣಿಗಿಂತ ಕಲ್ಲೇ ಜಾಸ್ತಿ, ಪದರ ಪದರವಾದ ಕಲ್ಲಿನ ಚಪ್ಪಟೆ ಚೂರುಗಳು. ಬಿಸಿಲು ಹೋಗಿ ಎಷ್ಟೋ ಹೊತ್ತಾಗಿದ್ದರೂ ಮುಟ್ಟಿದರೆ ಬೆಚ್ಚಗಿದ್ದವು. ಹಗಲಿನ ಬಿಸಿಯನ್ನು ಈ ಕಲ್ಲು ರಾತ್ರಿಗೆ ಹಿಡಿದಿಡುವುದರಿಂದಲೇ ಇಷ್ಟು ಉತ್ತರದ ಚಳಿ ಸೀಮೆಯಲ್ಲೂ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗುತ್ತದೆ. ಅಮ್ಮ ಒಂದು ಚೂರು ಎತ್ತಿಕೊಂಡು, ಇದು ನಮ್ಮ ಸ್ಲೇಟು ಕಣೇ, ಅಂದರು. ಅದೇ ಕಲ್ಲು, ಅಲ್ಲಿ ಮನೆಗಳ ಸೂರಿಗೂ ಅದನ್ನೇ ಹೊದಿಸುತ್ತಾರೆ.

ಹಾಗಾಗಿ ಸಾಧ್ಯವಾದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಸೆಪ್ಟೆಂಬರ್, ಅಕ್ಟೋಬರ್ ಕೊಯ್ಲಿನ ಕಾಲ, ರೂಮು ಬೇಗ ಬುಕ್ ಮಾಡಿ. ಚಳಿಗಾಲದಲ್ಲಿ ದೋಣಿ, ಕೋಟೆ, ಹೆಚ್ಚಿನ ಹೋಟೆಲು ಎಲ್ಲ ಬಂದ್, ಹೋಗಬೇಡಿ. ಸಸ್ಯಾಹಾರಿಗಳು ಈರುಳ್ಳಿ ಕೇಕ್ ತಿನ್ನುವ ಮುಂಚೆ ಕೇಳಿ, ಅದರಲ್ಲಿ ಹಂದಿಮಾಂಸದ ಚೂರು ಹಾಕಿರುತ್ತಾರೆ. ಜೇಬಲ್ಲಿ ಸ್ವಲ್ಪ ನಗದೂ ಇರಲಿ. ನಮ್ಮ ಟ್ಯಾಕ್ಸಿಯವರು ಕಾರ್ಡ್ ತೆಗೆದುಕೊಳ್ಳಲಿಲ್ಲ.