ಅಬಿಲೀನ್‌ನ ಮಾರ್ಷಲ್ ಸ್ಮಿತ್ ಸಮಾಧಿಯ ಮುಂದೆ

ಅಮೆರಿಕದ ಕ್ಯಾನ್ಸಸ್ ಸಿಟಿಯಿಂದ ಪಶ್ಚಿಮಕ್ಕೆ ಎರಡು ಗಂಟೆಗೂ ಮಿಗಿಲಾದ ದಾರಿಯಲ್ಲಿರುವ ಅಬಿಲೀನ್‌ಗೆ ಹೋಗುವವರು ಸಾಮಾನ್ಯವಾಗಿ ನೋಡುವುದು ಅಧ್ಯಕ್ಷ ಐಸೆನ್‌ಹೋವರ್ ಬೆಳೆದ ಮನೆಯನ್ನೂ ಅಲ್ಲಿನ ವಸ್ತುಸಂಗ್ರಹಾಲಯವನ್ನೂ. ನಾವೂ ಅದಕ್ಕೆಂದೇ ಹೊರಟಿದ್ದೆವು. ಆದರೆ ಆ ಬೇಸಿಗೆಯಲ್ಲಿ ನಮ್ಮ ಜೊತೆಗಿದ್ದ ಮಾವನವರು ಹಾಸನ ಜಿಲ್ಲೆಯ ಠಾಣೆಗಳಲ್ಲಿ ದುಡಿದು ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತರಾದವರು. ಐಸೆನ್‌ಹೋವರ್ ಮೆಚ್ಚಿಕೊಂಡಿದ್ದ ವೀರ ಆ ಊರಿನ ಹಳೆಯ ಪೊಲೀಸ್ ಅಧಿಕಾರಿಯೊಬ್ಬ ಎಂದು ನಾನು ಹೇಳಿದ್ದೇ ತಡ, "ಹಾಗಾದರೆ ಮೊದಲು ಅವನ ಸಮಾಧಿಗೇ ಹೋಗೋಣಮ್ಮ" ಎಂದರು.

ಆತನ ಹೆಸರು ಥಾಮಸ್ ಸ್ಮಿತ್. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ ಇಲ್ಲಿನ ರೈಲು ನಿಲ್ದಾಣದ ಬಳಿ ದನದ ದೊಡ್ಡಿಗಳನ್ನು ಕಟ್ಟಿಸಿದ ಮೇಲೆ, ಟೆಕ್ಸಾಸ್‌ನಿಂದ ಚಿಶಮ್ ದಾರಿ ಹಿಡಿದು ಬರುತ್ತಿದ್ದ ಮಂದೆಗಳ ಜೊತೆಗೆ ತಿಂಗಳುಗಟ್ಟಲೆ ದೂಳು ಕುಡಿದು ಬಂದ ಕೌಬಾಯ್‌ಗಳೂ ಊರು ತುಂಬಿದರು. ಕೂಲಿ ಕೈಸೇರಿದ ಕೂಡಲೇ ಕುಡಿತ, ಜೂಜು, ಗುಂಡಿನ ಸದ್ದು. ಪುರಸಭೆ ಪಿಸ್ತೂಲು ನಿಷೇಧಿಸಿ ಹಾಕಿಸಿದ ಫಲಕವನ್ನೇ ಅವರು ಗುಂಡಿಟ್ಟು ತೂತು ಮಾಡಿದರಂತೆ. 1870ರ ಜೂನ್‌ನಲ್ಲಿ ಮೇಯರ್ ಹೆನ್ರಿ ಮಾರ್ಷಲ್ ಆಗಿ, ಅಂದರೆ ಊರಿನ ಪೊಲೀಸ್ ಮುಖ್ಯಸ್ಥನಾಗಿ, ನೇಮಿಸಿದ ಸ್ಮಿತ್ ಮಾತ್ರ, ಆಯುಧ ಕೊಡಲು ಒಪ್ಪದವರನ್ನು ಎಲ್ಲರೆದುರೇ ಬರಿಗೈಯಲ್ಲಿ ಗುದ್ದಿ ಕೆಡವಿ, ಪಿಸ್ತೂಲು ಕಿತ್ತುಕೊಂಡು ಊರು ಬಿಡಿಸಿದ. ಆ ಬೇಸಿಗೆ ಮುಗಿಯುವ ಹೊತ್ತಿಗೆ ಊರು ಒಂದು ಹದಕ್ಕೆ ಬಂದಿತ್ತು.

ಸ್ಮಶಾನದಲ್ಲಿ ಅವನ ಗುರುತಾಗಿರುವುದು ಕೆತ್ತನೆಯಿಲ್ಲದ ದೊಡ್ಡ ಗ್ರಾನೈಟ್ ಬಂಡೆ. ಅದರ ಮೇಲೊಂದು ಲೋಹದ ಫಲಕ. 1904ರಲ್ಲಿ, ಅವನು ಸತ್ತು 34 ವರ್ಷಗಳಾದ ಮೇಲೆ, ಊರವರು ಇದನ್ನು ನಿಲ್ಲಿಸಿದರು. ಕೌಬಾಯ್‌ಗಳ ಅರಾಜಕತೆಯ ನಡುವೆ ಕಾನೂನಿನ ಹಿರಿಮೆಯನ್ನು ಸ್ಥಾಪಿಸಿದ ನಿರ್ಭೀತ ವೀರ ಎಂಬ ಅರ್ಥದ ಸಾಲುಗಳನ್ನು ನಾನು ಓದಿ ಹೇಳಿದಾಗ ಮಾವನವರು ಕೇಳಿದರು: "ಹಾಗಾದರೆ ಕೊಂದದ್ದು ಕೌಬಾಯ್‌ಗಳೇನಮ್ಮ?"

ಅಲ್ಲ. ಫಲಕ ಹೇಳದೆ ಬಿಟ್ಟಿರುವುದು ಅದನ್ನೇ, ಮತ್ತು ನನಗೆ ಅದು ಸಣ್ಣ ಲೋಪವೆನಿಸುವುದಿಲ್ಲ. ದನಗಳ ಹಂಗಾಮು ಮುಗಿದಿತ್ತು. ಆಂಡ್ರ್ಯೂ ಮೆಕಾನೆಲ್ ಎಂಬ ಒಕ್ಕಲಿಗ, ತನ್ನ ಜಮೀನಿನ ಮೇಲೆ ದನ ಹೊಡೆದುಕೊಂಡು ಹೋದ ಜಗಳದಲ್ಲಿ ನೆರೆಯವನಾದ ಜಾನ್ ಶೇಯನ್ನು ಕೊಂದಿದ್ದ. ನವೆಂಬರ್ 2ರಂದು ಸ್ಮಿತ್ ಡೆಪ್ಯುಟಿಯೊಬ್ಬನೊಡನೆ ವಾರಂಟ್ ಹಿಡಿದು, ಊರಾಚೆ ನೆಲ ಅಗೆದು ಕಟ್ಟಿದ ಅವನ ಗುಡಿಸಲಿಗೆ ಹೋದ. ಮೆಕಾನೆಲ್ ಗುಂಡು ಹಾರಿಸಿದ. ಎದೆಗೆ ಪೆಟ್ಟು ಬಿದ್ದರೂ ಸ್ಮಿತ್ ತಿರುಗಿ ಗುಂಡು ಹೊಡೆದು ಅವನನ್ನು ಹಿಡಿದುಕೊಂಡ. ಆಗ ಮೆಕಾನೆಲ್‌ನ ಸಂಗಡಿಗ ಮೋಸಸ್ ಮೈಲ್ಸ್ ಕೊಡಲಿಯಿಂದ ಸ್ಮಿತ್‌ನ ಕುತ್ತಿಗೆಗೆ ಹೊಡೆದ. ಕೊಲೆಗಾರರು ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದರು. ಮೆಕಾನೆಲ್‌ಗೆ 12 ವರ್ಷ, ಮೈಲ್ಸ್‌ಗೆ 16 ವರ್ಷ ಶಿಕ್ಷೆಯಾಯಿತು.

"ಡೆಪ್ಯುಟಿ ಏನಾದ?"

"ಓಡಿಹೋದ, ಮಾವ."

ಅವರು ಬೈಯಬಹುದೆಂದುಕೊಂಡಿದ್ದೆ, ಬೈಯಲಿಲ್ಲ. "ಪೇಟೆಯಲ್ಲಿ ಗುದ್ದಿದರೆ ನಡೆಯುತ್ತದೆ, ನಾಲ್ಕು ಜನ ನೋಡುತ್ತಿರುತ್ತಾರೆ, ಎದುರಿನವನಿಗೂ ಮಾನದ ಅಂಜಿಕೆ ಇರುತ್ತದೆ. ಹೊಲದ ಮನೆಗೆ ವಾರಂಟ್ ಹಿಡಿದು ಹೋಗುವುದೇ ಬೇರೆ. ಅಲ್ಲಿ ನೋಡುವವರು ಯಾರು?" ಎಂದರು. ಸ್ಮಿತ್‌ನ ಬಗ್ಗೆ ನಾನು ಓದಿದ್ದೆಲ್ಲ ಅವನ ಮುಷ್ಟಿಯ ಬಲವನ್ನೇ ಹೊಗಳಿತ್ತು. ಆ ಬಲದಲ್ಲಿ ಅರ್ಧ ಸುತ್ತ ನಿಂತ ಜನರದ್ದು ಎಂಬುದು, ವಾರಂಟ್ ಜಾರಿ ಮಾಡಿ ಮಾಡಿ ಸವೆದ ಈ ಮನುಷ್ಯ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ.

ಮುಂದಿನ ವರ್ಷ ಅದೇ ಹುದ್ದೆಗೆ ಬಂದ ವೈಲ್ಡ್ ಬಿಲ್ ಹಿಕಾಕ್‌ನ ಹೆಸರೇ ಇಂದು ಲೋಕಕ್ಕೆ ಹೆಚ್ಚು ಪರಿಚಿತ. 1871ರ ಅಕ್ಟೋಬರ್‌ನಲ್ಲಿ ಗುಂಡಿನ ಕಾಳಗದ ನಡುವೆ, ನೆರವಿಗೆ ಓಡಿಬಂದ ತನ್ನವನನ್ನೇ ಗುರುತಿಸದೆ ಕೊಂದವನು ಅವನು ಎಂದು ತಿಳಿದಾಗ ಮಾವನವರು "ಅವನ ವಿಷಯ ಬಿಡಮ್ಮ" ಎಂದು ಕಾರಿನತ್ತ ನಡೆದರು.

ಐಸೆನ್‌ಹೋವರ್ ಮನೆಯನ್ನು ನೋಡುವಾಗಲೂ ಅವರ ಲೆಕ್ಕಾಚಾರ ನಡೆದೇ ಇತ್ತು: ಕನಿಷ್ಠ ನಾಲ್ವರಾದರೂ ಹೋಗಬೇಕಿತ್ತು, ಸಂಗಡಿಗನನ್ನು ಮೊದಲು ಬೇರೆ ಮಾಡಬೇಕಿತ್ತು, ಗುಡಿಸಲಿನೊಳಗೆ ಕಾಲಿಡದೆ ಆಸಾಮಿಯನ್ನು ಬಯಲಿಗೆ ಕರೆಸಿ ವಾರಂಟ್ ಓದಬೇಕಿತ್ತು.