ಬ್ಯಾಡಗಿಯ ಮೂಗು, ಮೋಡದ ಮೇಲಿನ ವೈನ್

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದಲ್ಲಿ ಮೂಗೇ ಬಂಡವಾಳ. ನಮ್ಮ ಕಾಕಾ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕಾಯಿ ಎತ್ತಿಕೊಳ್ಳುತ್ತಾರೆ. ಕಿವಿಯ ಹತ್ತಿರ ಅಲುಗಾಡಿಸಿ ಬೀಜದ ಸದ್ದು ಕೇಳುತ್ತಾರೆ, ಒಂದನ್ನು ಮುರಿದು ಮೂಸುತ್ತಾರೆ. ಡಬ್ಬಿ ತಳಿಯೋ ಕಡ್ಡಿ ತಳಿಯೋ ಅನ್ನುವುದು ಕಣ್ಣಿಗೇ ತಿಳಿಯುತ್ತದೆ. ಹೊಸ ಮಾಲೋ, ಹೋದ ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ತೆಗೆದದ್ದೋ, ಒಣಗಿಸುವಾಗ ಮಳೆಗೆ ಸಿಕ್ಕಿತ್ತೋ ಅನ್ನುವುದಕ್ಕೆ ಮಾತ್ರ ಮೂಗು ಬೇಕು. ಈಗ ಬಣ್ಣ ಅಳೆಯಲು ಪ್ರಯೋಗಾಲಯಗಳಿವೆ, ಮಾರುಕಟ್ಟೆಯಲ್ಲಿ ಇ-ಟೆಂಡರ್ ಇದೆ. ಆದರೂ ಕಾಕಾ ಮೂಸದೆ ಒಂದು ಚೀಲಕ್ಕೂ ದರ ಬರೆಯುವುದಿಲ್ಲ. ಆ ಮೂಗನ್ನು ಕಾಪಾಡಿಕೊಳ್ಳಲೆಂದೇ ಅವರು ತಂಬಾಕು ಮುಟ್ಟಿಲ್ಲ. ಮದ್ಯದ ಮಾತಂತೂ ದೂರ.

ಅವರ ಜೊತೆ ಜರ್ಮನಿಯ ಕೊಲೋನ್‌ಗೆ ಹೊರಟಿದ್ದೆ. ಅಲ್ಲಿ ಎರಡು ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ 'ಅನುಗಾ' ಎಂಬ ದೊಡ್ಡ ಆಹಾರ ಮೇಳ ನಡೆಯುತ್ತದೆ. ಕೆಂಪು ಬಣ್ಣಕ್ಕಾಗಿ ನಮ್ಮ ಕಾಯಿ ಬೇಡುವ ಖರೀದಿದಾರರು ಅಲ್ಲಿ ಸಿಗುತ್ತಾರೆ. ಮೊಣಕಾಲು ನೋವಿನಿಂದ ಕಾಕಾಗೆ ಒಂಬತ್ತು-ಹತ್ತು ತಾಸು ಕಾಲು ಮಡಚಿ ಕೂರಲು ಆಗುವುದಿಲ್ಲ. ಹಾಗಾಗಿ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆಸಿದೆವು. ನನಗೆ ಅದರಲ್ಲಿ ಇನ್ನೊಂದು ಆಸೆಯೂ ಇತ್ತು. ವೈನ್ ಬಗ್ಗೆ ಓದುವುದು, ಸಿಕ್ಕಾಗ ಸ್ವಲ್ಪ ರುಚಿ ನೋಡುವುದು ನನ್ನ ಹವ್ಯಾಸ. ಮೇಲಿನ ದರ್ಜೆಯಲ್ಲಿ ಒಳ್ಳೆಯ ವೈನ್‌ಗಳನ್ನು 'ಉಚಿತ'ವಾಗಿ ಕೊಡುತ್ತಾರೆ ಎಂದು ಕೇಳಿದ್ದೆ. ಉಚಿತ ಎಂದರೆ ಟಿಕೆಟ್ಟಿನ ದರದಲ್ಲೇ ಸೇರಿದ್ದು. ಅದಕ್ಕೇ ಅದು ಹೇಗಿದೆ ಎಂದು ಕೇಳುವ ಹಕ್ಕೂ ನಮಗಿದೆ.

ಬ್ಯಾಡಗಿಯಿಂದ ಹಾವೇರಿ, ಬಂಕಾಪುರ, ಶಿಗ್ಗಾಂವ ದಾಟಿ ಹುಬ್ಬಳ್ಳಿಗೆ ಬಂದೆವು. ಗೋಕುಲ ರಸ್ತೆಯ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು ವಿಮಾನ ಹತ್ತಿದೆವು. ಬೆಂಗಳೂರಿನವರೆಗೆ ಕುಡಿಯಲು ನೀರು, ಚಹಾ, ಜ್ಯೂಸು ಅಷ್ಟೇ. ದೇಶದೊಳಗಿನ ಹಾರಾಟಗಳಲ್ಲಿ ಯಾವ ದರ್ಜೆಯಲ್ಲೂ ಮದ್ಯ ಕೊಡುವುದಿಲ್ಲ.

ಬೆಂಗಳೂರಿನ ಎರಡನೇ ಟರ್ಮಿನಲ್ಲಿನ ಲೌಂಜಿನಲ್ಲಿ ಸಾಲಾಗಿ ಜೋಡಿಸಿದ್ದ ಬಾಟಲಿಗಳನ್ನು ಕಾಕಾ ಬಹಳ ಹೊತ್ತು ನೋಡುತ್ತಾ ಕೂತರು. ಅವರ ತಲೆಮಾರಿಗೆ ಕುಡಿತ ಎಂದರೆ ಊರಾಚೆಯ ಸಾರಾಯಿ ಅಂಗಡಿ, ಸಂತೆಯ ದುಡ್ಡು ಕಳೆದು ಬಂದ ಗಂಡ, ಅಳುವ ಮನೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಂತಿತು. ದ್ರಾಕ್ಷಿ ಬೆಳೆಗಾರರಿಗೆಂದು ಸರ್ಕಾರ ವೈನ್ ನೀತಿ ತಂದದ್ದೂ ಅದೇ ವರ್ಷ. ಈ ಎರಡನ್ನೂ ಹೇಳಿದಾಗ ಕಾಕಾ, "ಬೆಳದವಗ ರೊಕ್ಕ ಮುಟ್ಟಿದ್ರ ಛಲೋ ಆತು. ಆದ್ರ ಮನಿ ಕೆಡಬಾರ್ದು ನೋಡು" ಅಂದರು. ಆ ಮಾತಿನಲ್ಲಿ ನನಗೆ ತಕರಾರಿಲ್ಲ.

ಫ್ರಾಂಕ್‌ಫರ್ಟಿನ ವಿಮಾನ ಹೊರಟಾಗ ಬೆಳಗಿನ ಜಾವ. ಸೀಟು ಪೂರಾ ಹಾಸಿಗೆಯಾಗುತ್ತದೆ ಎಂದು ಗೊತ್ತಾದ ಕೂಡಲೇ ಕಾಕಾರ ಮುಖ ಅರಳಿತು. ಮೇಲೆ ಹೋಗಿ ಬೆಲ್ಟ್ ದೀಪ ಆರಿದ ಮೇಲೆ ಗಗನಸಖಿ ಪಾನೀಯಗಳ ಪಟ್ಟಿ ಕೊಟ್ಟಳು. ಹಿಂಬದಿಯ ಇಕಾನಮಿ ದರ್ಜೆಯಲ್ಲಿ 187 ಮಿಲಿಲೀಟರಿನ ಪುಟ್ಟ ಬಾಟಲಿ ಕೈಗಿಡುವುದು ಸಾಮಾನ್ಯ. ಇಲ್ಲಿ 750ರ ಪೂರಾ ಬಾಟಲಿ ತಂದು, ಅದರ ಮೇಲಿನ ಹೆಸರಿನ ಚೀಟಿ ತೋರಿಸಿ, ಗಾಜಿನ ಲೋಟಕ್ಕೆ ಸುರಿಯುತ್ತಾರೆ. ಪಟ್ಟಿಯಲ್ಲಿ ದ್ರಾಕ್ಷಿಯ ತಳಿ, ಬೆಳೆದ ಸೀಮೆ, ಕೊಯ್ಲಿನ ವರ್ಷ ಎಲ್ಲ ಇತ್ತು.

ಹಿರಿಯರ ಮುಂದೆ ಗ್ಲಾಸು ಹಿಡಿಯುವ ರೂಢಿ ನಮ್ಮ ಮನೆಯಲ್ಲಿಲ್ಲ. ನಾನು ನೀರು ಕೇಳಿದೆ. ಕಾಕಾ ತಿರುಗಿ ನೋಡಿ, "ತಮ್ಮಾ, ನೀ ಇದರ ಬಗ್ಗೆ ಓದತಿ ಅಂತ ನಂಗ ಗೊತ್ತೈತಿ. ತಗೋ. ನಾ ಕುಡಿಯಂಗಿಲ್ಲ, ಮೂಸಿ ನೋಡ್ತೀನಿ" ಅಂದರು. ಅಷ್ಟು ಹೇಳಲು ಅವರಿಗೆ ಎಷ್ಟು ದೊಡ್ಡ ಮನಸ್ಸು ಬೇಕಾಯಿತು ಎಂದು ನನಗೆ ಗೊತ್ತು.

ಜರ್ಮನಿಯ ರೀಸ್ಲಿಂಗ್ ಎಂಬ ಬಿಳಿ ವೈನ್ ತರಿಸಿದೆ, ಒಂದು ಗುಟುಕಿನಷ್ಟೇ ಹಾಕಿ ಅಂದೆ. ಕಾಕಾ ಲೋಟ ಎತ್ತಿ ಮೂಗಿಗೆ ಹಿಡಿದರು. ಸರಿಸಿದರು, ಮತ್ತೆ ಹಿಡಿದರು. "ವಾಸನಿ ಎಲ್ಲಿ ಹೋತೋ? ತೊಳದಂಗ ಐತಲ್ಲ!" ಅಂದರು. ನಾನು ಬಾಯಿಗೆ ಹಾಕಿಕೊಂಡರೆ ಹುಳಿ ಮುಂದೆ ನಿಂತಿತ್ತು, ಹಣ್ಣು ಎಲ್ಲೋ ಹಿಂದೆ. ಇದು ಹಗುರ ಮಾಲು ಎಂದು ನಾನು ತೀರ್ಪು ಕೊಡುವಷ್ಟರಲ್ಲಿ ಕಾಕಾ ಕೈಚೀಲದಿಂದ ಶೇಂಗಾ ಚಟ್ನಿಪುಡಿಯ ಪೊಟ್ಟಣ ತೆಗೆದು ಬಿಚ್ಚಿ ಮೂಸಿದರು. ಕಾಕು ಹಿಂದಿನ ದಿನವಷ್ಟೇ ಕುಟ್ಟಿ ಕೊಟ್ಟದ್ದು. "ಇದರ ವಾಸನಿನೂ ಅರ್ಧ ಆಗೇತಿ. ಹಂಗಾರ ತಪ್ಪು ಆ ಬಾಟ್ಲಿದಲ್ಲ ತಮ್ಮಾ, ಈ ಗಾಳಿದು."

ವಿಜ್ಞಾನಿಗಳು ಹೇಳುವುದೂ ಅದನ್ನೇ. ವಿಮಾನ ಮೂವತ್ತು ಸಾವಿರ ಅಡಿಯ ಮೇಲೆ ಹಾರಿದರೂ ಒಳಗಿನ ಗಾಳಿಯೊತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಮಟ್ಟದಲ್ಲಿ ಇಟ್ಟಿರುತ್ತಾರೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಸುಮಾರು 6,300 ಅಡಿ. ರಾತ್ರಿಯಿಡೀ ಅಂಥದೊಂದು ಶಿಖರದ ಮೇಲೆ ಕೂತು ಉಂಡು, ಕುಡಿದು, ಮಲಗುತ್ತೇವೆ ಎಂದಾಯಿತು. ಮುಳ್ಳಯ್ಯನಗಿರಿಯಲ್ಲಾದರೂ ಮಂಜಿನ ತೇವ ಇರುತ್ತದೆ. ಇಲ್ಲಿ ಗಾಳಿಯ ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ಮೂಗಿನ ಒಳಪೊರೆ ಒಣಗಿದರೆ ಪರಿಮಳ ಹಿಡಿಯುವುದು ಕಷ್ಟ. ರುಚಿ ಅಂತ ನಾವು ಕರೆಯುವುದರಲ್ಲಿ ಬಹುಪಾಲು ಮೂಗಿನದೇ ಕೆಲಸ.

ಮ್ಯೂನಿಕ್ ಹತ್ತಿರದ ಹೋಲ್ಜ್‌ಕಿರ್ಶೆನ್‌ನಲ್ಲಿ ಫ್ರೌನ್‌ಹೋಫರ್ ಸಂಸ್ಥೆಯವರು ಹಳೆಯ ಏರ್‌ಬಸ್ ವಿಮಾನದ ಒಂದು ತುಂಡನ್ನು ಒತ್ತಡದ ಕೊಳವೆಯೊಳಗೆ ಇಟ್ಟಿದ್ದಾರೆ. 2010ರಲ್ಲಿ ಲುಫ್ತಾನ್ಸಾ ವಿಮಾನ ಕಂಪನಿಗಾಗಿ ಅದರೊಳಗೆ ಜನರನ್ನು ಕೂರಿಸಿ, ಒತ್ತಡ ಇಳಿಸಿ, ಗಾಳಿ ಒಣಗಿಸಿ ರುಚಿ ನೋಡಿಸಿದರು. ಉಪ್ಪು, ಸಿಹಿ ಎರಡೂ ಗಮನಾರ್ಹವಾಗಿ ಮಂಕಾದವು. ಹುಳಿ, ಕಹಿ ಅಷ್ಟು ಮಣಿಯಲಿಲ್ಲ. ವೈನಿಗೆ ಇದು ದೊಡ್ಡ ಪೆಟ್ಟು. ಹಣ್ಣಿನ ಪರಿಮಳ ಅಡಗಿದರೆ ಉಳಿಯುವುದು ಹುಳಿ ಮತ್ತು ಕೆಂಪು ವೈನಿನ ಒಗರು. ಕೆಳಗೆ ಹತ್ತಾರು ವರ್ಷ ಇಟ್ಟು ಮಾಗಿಸಿದ, ನವಿರಾದ ದುಬಾರಿ ಬಾಟಲಿ ಮೇಲೆ ಬಡವಾಗಬಹುದು. ನಾಲ್ಕು ಮಂದಿಗೆ ಹೆಸರು ಗೊತ್ತಿಲ್ಲದ, ಹಣ್ಣು ತುಂಬಿದ ಎಳೆಯ ವೈನ್ ಗೆಲ್ಲಬಹುದು. ವಿಮಾನಗಳ ವೈನ್‌ಗಳಿಗೆಂದು 1985ರಿಂದ ಒಂದು ಸ್ಪರ್ಧೆಯೇ ನಡೆಯುತ್ತಿದೆ. ಚೀಟಿ ಮುಚ್ಚಿ ರುಚಿ ನೋಡುತ್ತಾರೆ, ನ್ಯಾಯವಾದ ಕ್ರಮ. ಆದರೆ ನೆಲದ ಮೇಲೆ ಕೂತು ನೋಡುತ್ತಾರೆ. ಅಲ್ಲಿ ಗೆದ್ದದ್ದು ಮೇಲೂ ಗೆಲ್ಲುತ್ತದೆ ಎಂದು ಹೇಳಲು ನನಗೆ ಈಗ ಧೈರ್ಯ ಬಾರದು.

ಅದೇ ಪ್ರಯೋಗ ಬಿಡಿಸಿದ ಇನ್ನೊಂದು ಗಂಟು ಟೊಮೆಟೊ ಜ್ಯೂಸಿನದು. ನೆಲದ ಮೇಲೆ ಅದನ್ನು ಕಣ್ಣೆತ್ತಿ ನೋಡದವರೂ ವಿಮಾನದಲ್ಲಿ ಕೇಳಿ ಕುಡಿಯುತ್ತಾರೆ. ಹೆಚ್ಚುಕಡಿಮೆ ಬಿಯರಿನಷ್ಟೇ ಟೊಮೆಟೊ ಜ್ಯೂಸ್ ಖರ್ಚಾಗುವುದನ್ನು ಕಂಡೇ ಲುಫ್ತಾನ್ಸಾ ಕಾರಣ ಹುಡುಕಲು ಹೊರಟದ್ದು. ಮುಂದೆ 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ವಿಮಾನದೊಳಗಿನ 85 ಡೆಸಿಬೆಲ್ ಸದ್ದನ್ನು ಕಿವಿಗೆ ಕೇಳಿಸಿ ರುಚಿ ನೋಡಿಸಿದರು. ಸಿಹಿ ಕುಗ್ಗಿತು. ಟೊಮೆಟೊ, ಅಣಬೆಗಳಲ್ಲಿರುವ ಉಮಾಮಿ ರುಚಿ ಮಾತ್ರ ಹಿಗ್ಗಿತು.

ಇದನ್ನು ಕೇಳಿದ ಕಾಕಾ ತಮಗೂ ಟೊಮೆಟೊ ಜ್ಯೂಸ್ ಹೇಳಿದರು. ಉಪ್ಪು, ಕರಿಮೆಣಸು ಜೊತೆಗೇ ಬಂತು. ಅವರು ಕರಿಮೆಣಸನ್ನು ಬದಿಗಿಟ್ಟು, ಮೇಳಕ್ಕೆ ಒಯ್ಯುತ್ತಿದ್ದ ಮಾದರಿ ಪೊಟ್ಟಣದಿಂದ ಒಂದು ಚಿಟಿಕೆ ಬ್ಯಾಡಗಿ ಖಾರದಪುಡಿ ಹಾಕಿ ಕಲಕಿದರು. ನನಗೂ ಒಂದು ಗುಟುಕು ಕೊಟ್ಟರು. ಆ ರಾತ್ರಿ ಬಾಯಿಗೆ ಬಿದ್ದ ಎಲ್ಲದರಲ್ಲಿ ತುಂಬು ರುಚಿ ಇದ್ದದ್ದು ಅದಕ್ಕೇ. ಖಾರ ನಾಲಿಗೆಯ ರುಚಿಮೊಗ್ಗಿನ ವಿಷಯವಲ್ಲ, ಉರಿಯನ್ನು ತಿಳಿಸುವ ನರಗಳದ್ದು. ಒಣ ಗಾಳಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಗಗನಸಖಿ ಅದರ ಬಣ್ಣ ನೋಡಿ ಏನೆಂದು ಕೇಳಿದಳು. ಕಾಕಾ ನನ್ನಿಂದ ಇಂಗ್ಲಿಷಿನಲ್ಲಿ ಹೇಳಿಸಿ ಒಂದು ಪೊಟ್ಟಣ ಅವಳ ಕೈಗಿಟ್ಟರು. ಮೇಳದ ಮೊದಲ ಮಾದರಿ ಹೋದದ್ದು ಅಲ್ಲೇ.

ಚಹಾ ಮಾತ್ರ ಕಾಕಾಗೆ ಸೇರಲಿಲ್ಲ. ಎಂಟು ಸಾವಿರ ಅಡಿಯ ಒತ್ತಡದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಪುಡಿಯ ಸತ್ವ ಪೂರಾ ಇಳಿಯುವುದಿಲ್ಲ. ಯಾವ ದರ್ಜೆಯ ಟಿಕೆಟ್ ತೆಗೆದರೂ ಅದಕ್ಕೆ ಪರಿಹಾರವಿಲ್ಲ.

ಇನ್ನೊಂದು ಗ್ಲಾಸು ಬೇಕೇ ಎಂದು ಮತ್ತೆ ಮತ್ತೆ ಕೇಳುತ್ತಾರೆ. ನಾನು ಬೇಡ ಎಂದು ನೀರು ಕುಡಿದು ಮಲಗಿದೆ. ಕಾರಣ ನಾವು ಹೊರಟಿದ್ದ ಕೊಲೋನ್ ಊರಿನಲ್ಲೇ ಇದೆ. ಅಲ್ಲಿನ ಜರ್ಮನ್ ಏರೋಸ್ಪೇಸ್ ಕೇಂದ್ರದವರು 48 ಆರೋಗ್ಯವಂತ ವಯಸ್ಕರ ಮೇಲೆ ನಡೆಸಿದ ಅಧ್ಯಯನ 2024ರಲ್ಲಿ 'ಥೋರಾಕ್ಸ್' ವೈದ್ಯ ಪತ್ರಿಕೆಯಲ್ಲಿ ಬಂತು. ಎರಡು ಗ್ಲಾಸು ವೈನಿನಷ್ಟು ಮದ್ಯ ಕೊಟ್ಟು ವಿಮಾನದ ಒತ್ತಡದಲ್ಲಿ ಮಲಗಿಸಿದಾಗ, ರಕ್ತದ ಆಮ್ಲಜನಕದ ಪ್ರಮಾಣ ಶೇಕಡಾ 85ರ ಸುಮಾರಿಗೆ ಇಳಿಯಿತು. ಹೃದಯ ನಿಮಿಷಕ್ಕೆ ಸುಮಾರು 88 ಸಲ ಬಡಿಯಿತು. ಕುಡಿಯದೆ ಅದೇ ಒತ್ತಡದಲ್ಲಿ ಮಲಗಿದವರಲ್ಲಿ ಆಮ್ಲಜನಕ ಶೇಕಡಾ 88, ಹೃದಯದ ಬಡಿತ 73. ಅವರೆಲ್ಲ ನಲವತ್ತರ ಒಳಗಿನವರು. ಎದೆಯ, ಉಸಿರಿನ ತೊಂದರೆ ಇರುವ ಹಿರಿಯರಿಗೆ ಇದು ಇನ್ನೂ ಭಾರ. ಹಾಸಿಗೆಯಾಗುವ ಸೀಟು, ಪುಕ್ಕಟೆ ತುಂಬುವ ಲೋಟ ಒಂದೇ ಕಡೆ ಸಿಗುವುದು ಈ ದರ್ಜೆಯಲ್ಲಿಯೇ. ಪಾನೀಯಗಳ ಪಟ್ಟಿಯಲ್ಲಿ ದ್ರಾಕ್ಷಿತೋಟದ ವರ್ಣನೆಗೆ ಅಷ್ಟು ಜಾಗ ಕೊಡುವವರು ಈ ವಿಷಯಕ್ಕೂ ಒಂದು ಸಾಲು ಕೊಡಬೇಕು.

ಮೇಳದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಡೆದು ನಡೆದು ಕಾಲು ಬಿದ್ದವು, ಕೆಲಸವಾಯಿತು. ಮುಗಿದ ಮೇಲೆ ಫ್ರಾಂಕ್‌ಫರ್ಟಿಗೆ ವೇಗದ ರೈಲು ಬಿಟ್ಟು ರೈನ್ ನದಿಯ ದಂಡೆ ಹಿಡಿದು ಸಾಗುವ ನಿಧಾನದ ರೈಲು ಹತ್ತಿದೆವು. ಕೊಬ್ಲೆಂಜ್ ದಾಟಿದ ಮೇಲೆ ಎರಡೂ ಕಡೆ ಕಡಿದಾದ ಗುಡ್ಡ, ಗುಡ್ಡದ ಮೈಗೆ ದ್ರಾಕ್ಷಿಯ ಸಾಲು, ನೆತ್ತಿಯ ಮೇಲೆ ಹಳೆಯ ಕೋಟೆ. ಈ ಕಣಿವೆ 2002ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ರೀಸ್ಲಿಂಗ್ ತಡವಾಗಿ ಹಣ್ಣಾಗುವ ತಳಿ, ಅಕ್ಟೋಬರಿನಲ್ಲಿ ಕೊಯ್ಲು. ಕಾಲು ನಿಲ್ಲದ ಇಳಿಜಾರಿನಲ್ಲಿ ಜನ ಬಾಗಿ ಗೊಂಚಲು ಕತ್ತರಿಸುತ್ತಿದ್ದರು. ಕಾಕಾ ಕಿಟಕಿಗೆ ಹಣೆ ಹಚ್ಚಿ ಕೂತರು. "ಈ ಗುಡ್ಡದಾಗ ಒಂದು ಬುಟ್ಟಿ ಇಳಸೂದಂದ್ರ ಸಣ್ಣ ಮಾತಲ್ಲ. ಇವರ ಕೂಲಿ ಕೇಳಬೇಕಿತ್ತು" ಅಂದರು.

ರೂಡೆಸ್‌ಹೈಮ್‌ನಲ್ಲಿ ಇಳಿದು ಒಂದು ಚಿಕ್ಕ ಅಂಗಡಿಯಲ್ಲಿ ರೀಸ್ಲಿಂಗ್ ಕೇಳಿದೆ. ಕಾಕಾ ಲೋಟ ಮೂಗಿಗೆ ಹಿಡಿದವರು ಇಳಿಸಲೇ ಇಲ್ಲ. "ಇದರಾಗ ನಿಂಬಿ ಸಿಪ್ಪಿ ಐತಿ. ಸೇಬು ಐತಿ. ಆಮ್ಯಾಲೆ ಮಳಿ ಬಿದ್ದ ಕಲ್ಲಿನ ವಾಸನಿ ಐತಿ ನೋಡು." ಬಾಯಿಗೆ ಒಂದು ಹನಿ ಹಾಕದೆ, ವೈನ್ ಪುಸ್ತಕ ಒಂದನ್ನೂ ಓದದೆ ಹೇಳಿದ ಮಾತು! ಅಂಗಡಿಯ ಹೆಂಗಸಿಗೆ ಅನುವಾದಿಸಿ ಹೇಳಿದಾಗ ಆಕೆ ಎದ್ದುಬಂದು ಅವರ ಕೈ ಕುಲುಕಿದಳು. ಕಾಕಾಗೆ ಅವಳು ಕೊಟ್ಟ ದ್ರಾಕ್ಷಿರಸ ಅದೇ ತೋಟದ್ದು, ಹುದುಗಿಸದ್ದು. ಅವರು ಮತ್ತೊಂದು ಕೇಳಿ ಕುಡಿದರು.

ವಾಪಸ್ ಬರುವಾಗ ನಾನು ಬೇರೆ ಲೆಕ್ಕ ಹಾಕಿ ಆರಿಸಿದೆ. ಒಗರು ಕಡಿಮೆ, ಬಿಸಿಲು ನಾಡಿನದು, ಹಣ್ಣು ಗಟ್ಟಿ ಇರುವ ಕೆಂಪು ವೈನ್. ಅದು ಆ ಎತ್ತರದಲ್ಲೂ ಮಾತಾಡಿತು. ಆಗಲೇ ನಮ್ಮ ನಾಡು ನೆನಪಾದದ್ದು. ನಂದಿ ಬೆಟ್ಟದ ಅಡಿಯ ತೋಟಗಳು ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲೇ ಇವೆ. ಹಂಪಿ ಸೀಮೆಯ ಗುಡ್ಡಗಳಲ್ಲಿ, ವಿಜಯಪುರ-ಬಾಗಲಕೋಟೆಯ ಕಡೆ ವೈನ್ ದ್ರಾಕ್ಷಿ ಬೆಳೆಯುತ್ತಾರೆ. ನಮ್ಮ ಬಿಸಿಲಿಗೆ ಹಣ್ಣು ಪೂರಾ ಮಾಗುತ್ತದೆ. ಕ್ಯಾಬಿನ್ ಗಾಳಿ ಕೇಳುವುದೂ ಅದನ್ನೇ. ಬೆಂಗಳೂರಿನಿಂದ ಹೊರಡುವ ವಿಮಾನದ ಪಟ್ಟಿಯಲ್ಲಿ ಕರ್ನಾಟಕದ ಒಂದು ಶಿರಾಜ್ ಕೆಂಪು ವೈನ್ ಇರಬೇಕು ಎಂದು ನಾನು ಕೇಳುವುದು ಬರೀ ಊರಿನ ಅಭಿಮಾನದಿಂದ ಅಲ್ಲ, ರುಚಿಯ ನ್ಯಾಯ ಅದರ ಪರ ಇದೆ.

ಕುಡಿಯದವರ ವಿಷಯವೂ ಇದೆ. ಅಷ್ಟೇ ದುಡ್ಡು ಕೊಟ್ಟು ಪಕ್ಕದಲ್ಲಿ ಕೂತವರಿಗೆ ಡಬ್ಬಿಯ ಕಿತ್ತಳೆ ರಸ ಕೊಟ್ಟು ಮುಗಿಸುವುದು ಸತ್ಕಾರವಲ್ಲ. ಊರಿಗೆ ಬಂದ ಮೇಲೆ ವಿಮಾನ ಕಂಪನಿಯಿಂದ ಅಭಿಪ್ರಾಯ ಕೇಳುವ ಮೇಲ್ ಬಂತು. ಕಾಕಾ ಅಂಗಡಿಯ ಗಾದಿಯ ಮೇಲೆ ಕೂತು ಹೇಳುತ್ತಾ ಹೋದರು, ನಾನು ಬರೆದೆ. ಜೀರಿಗೆ, ಶುಂಠಿ, ಉಪ್ಪು ಹಾಕಿದ ಮಜ್ಜಿಗೆ. ಸಿರಸಿ ಕಡೆಯ ಕೋಕಂ ಪಾನಕ, ಅದರ ಹುಳಿ ಮೇಲೆಯೂ ನಿಲ್ಲುತ್ತದೆ. ರೂಡೆಸ್‌ಹೈಮಿನಲ್ಲಿ ಕುಡಿದಂಥ ದ್ರಾಕ್ಷಿರಸ, ತೋಟದ ಹೆಸರು ಹೇಳಿ, ವೈನ್ ಕೊಡುವ ಗ್ಲಾಸಿನಲ್ಲೇ ಕೊಡಬೇಕು. "ಟೊಮೆಟೊ ಜ್ಯೂಸಿಗೆ ಬ್ಯಾಡಗಿ ಖಾರಪುಡಿ ಅಂತನೂ ಹಾಕು" ಅಂದರು. ಅದನ್ನೂ ಹಾಕಿ, ಡಬ್ಬಿ ಕಾಯಿಯ ಒಂದು ಮಾದರಿ ಅಂಚೆಯಲ್ಲಿ ಕಳಿಸಲು ವಿಳಾಸ ಕೇಳಿ ಕಳಿಸಿದೆ.